ಸೊರಗಿದ ಸಂಪಿಗೆ: ನೀರು ಹಾಕುವ ಮೊದಲು

ಫೆಬ್ರವರಿಯ ಬೋಧನಾಭ್ಯಾಸದಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಏಳನೆಯ ತರಗತಿಗೆ ಬಾಷ್ಪವಿಸರ್ಜನೆಯ ಪಾಠ ಮಾಡಿದರು. ಚಾರ್ಟು ಸಿದ್ಧವಿತ್ತು. ಆದರೂ ಅಂಗಳದಲ್ಲಿ ಸೊರಗಿ ನಿಂತಿದ್ದ ಸಂಪಿಗೆ ಗಿಡದ ಬಳಿಗೇ ಮಕ್ಕಳನ್ನು ಕರೆದೊಯ್ದದ್ದು ನನಗೆ ಹಿಡಿಸಿತು. ಎಲೆಗಳ ಅಂಚು ಕಂದು ತಿರುಗಿ ಸುಟ್ಟಂತಾಗಿತ್ತು. ಎಲೆ ಕಳೆದುಕೊಳ್ಳುವಷ್ಟು ನೀರನ್ನು ಬೇರು ಒದಗಿಸುತ್ತಿಲ್ಲ ಎಂಬಲ್ಲಿಗೆ ಮಕ್ಕಳು ತಾವೇ ಬಂದರು. "ಹಾಗಾದರೆ ಏನು ಮಾಡಬೇಕು?" "ನೀರು ಹಾಕಬೇಕು ಮಿಸ್!" ಪಾಠಯೋಜನೆಯಲ್ಲಿದ್ದ ಉತ್ತರವೂ ಅದೇ. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಮಾತ್ರ, "ದಿನಾ ಎರಡು ಬಕೆಟ್ ಹಾಕ್ತೀವಲ್ಲ ಮಿಸ್" ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಪಾಠದ ನಂತರದ ಚರ್ಚೆಯೆಲ್ಲ ಆ ಒಂದು ಮಾತಿನ ಸುತ್ತಲೇ ನಡೆಯಿತು. ಮರುದಿನ ಅದೇ ತರಗತಿಯನ್ನು ಕರೆದುಕೊಂಡು ಹೋಗಿ ಮಣ್ಣು ಕೆದಕಿ ನೋಡುವಂತೆ ಹೇಳಿದೆ.

ಒಂದು ಗೇಣು ಕೆಳಗಿನ ಮಣ್ಣನ್ನು ಹಿಂಡಿದರೆ ಬೆರಳಸಂದಿಯಲ್ಲಿ ನೀರು ಜಿನುಗಿತು, ಕೊಳೆತ ವಾಸನೆಯೂ ಬಂತು. ಬಕೆಟ್ ನೀರು ಸಾಲದೆಂಬಂತೆ ಬಿಸಿಯೂಟದ ತಟ್ಟೆ ತೊಳೆದ ನೀರೂ ಗಿಡದ ಬುಡಕ್ಕೇ ಹರಿಯುತ್ತಿತ್ತು. ಒದ್ದೆ ಮಣ್ಣಿನಲ್ಲಿ ಗಿಡ ಬಾಡುವುದು ಮಕ್ಕಳಿಗೆ ವಿಚಿತ್ರವೆನಿಸಿತು. ನಮ್ಮ ಪ್ರಶಿಕ್ಷಣಾರ್ಥಿಗೂ ಹಾಗೇ ಅನಿಸಿತೆಂದು ಆಮೇಲೆ ಒಪ್ಪಿಕೊಂಡರು. ಬೇರೂ ಉಸಿರಾಡುತ್ತದೆ. ಅದಕ್ಕೆ ಬೇಕಾದ ಆಮ್ಲಜನಕ ಮಣ್ಣಿನ ಕಣಗಳ ನಡುವಿನ ಗಾಳಿಯಲ್ಲಿರುತ್ತದೆ. ಆ ಜಾಗವನ್ನೆಲ್ಲ ನೀರು ತುಂಬಿದರೆ ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರುಕಟ್ಟಿದ ಬೇರು ನೀರಿನ ನಡುವೆ ಇದ್ದೂ ನೀರು ಹೀರಲಾರದು. ಮೇಲೆ ಎಲೆಯ ಕಥೆ ಮಾತ್ರ ಬರಗಾಲದ್ದೇ. ಸಂಪಿಗೆಯ ಬೇರು ದಪ್ಪ, ಮೆತ್ತಗೆ. ಜೌಗನ್ನು ಅದು ತಾಳುವುದಿಲ್ಲ.

ಇನ್ನೂ ಎರಡು ತಪ್ಪು ಸಿಕ್ಕವು. ಬುಡದಲ್ಲಿ ಕಾಂಡ ಸ್ವಲ್ಪ ಅಗಲವಾಗಿ ಬೇರಿನೊಳಕ್ಕೆ ಸೇರಬೇಕು. ಇಲ್ಲಿ ಅದು ನೆಟ್ಟ ಕೋಲಿನಂತೆ ನೆಟ್ಟಗೆ ಮಣ್ಣಿಗೆ ಇಳಿದಿತ್ತು, ಅಂದರೆ ಗಿಡವನ್ನು ಆಳಕ್ಕೆ ಹೂತಿದ್ದರು. ಅದರ ಕೆಳಗೆ ನರ್ಸರಿಯ ಕಪ್ಪು ಪಾಲಿಥಿನ್ ಚೀಲ ಹಾಗೇ ಇತ್ತು. ಜೂನ್ 5ರ ಪರಿಸರ ದಿನದ ಗಡಿಬಿಡಿಯಲ್ಲಿ ಫೋಟೋ ತೆಗೆದವರಿದ್ದರು, ಚೀಲ ಹರಿದವರಿರಲಿಲ್ಲ.

ಬೇಸಿಗೆ ಹೊಸ್ತಿಲಲ್ಲಿದ್ದಾಗ ಇಡೀ ಗಿಡ ಕಿತ್ತರೆ ಆ ಮೆತ್ತನೆಯ ಬೇರು ಮುರಿದು ಗಿಡ ಸಾಯುವ ಅಪಾಯವಿತ್ತು. ಸಂಜೆ ಹೊತ್ತು ಸುತ್ತಲ ಮಣ್ಣು ಬಿಡಿಸಿ, ಚೀಲವನ್ನು ನಾಲ್ಕು ಕಡೆ ಸೀಳಿ, ಬಂದಷ್ಟನ್ನು ಎಳೆದು ತೆಗೆದರು. ಕಾಂಡ ಅಗಲವಾಗುವ ಭಾಗ ಕಾಣುವವರೆಗೆ ಬುಡದ ಮಣ್ಣು ಸರಿಸಿದರು. ತಟ್ಟೆ ತೊಳೆದ ನೀರಿಗೆ ಬೇರೆ ಕಾಲುವೆ ತೋಡಿದರು. ಒಣ ಎಲೆಯ ಹೊದಿಕೆಯನ್ನು ಕಾಂಡದಿಂದ ನಾಲ್ಕು ಬೆರಳು ದೂರದಿಂದ ಹರಡಿದರು. ಕಾಂಡಕ್ಕೆ ತಾಗಿಸಿ ಗುಡ್ಡೆ ಹಾಕಿದರೆ ತೊಗಟೆ ಕೊಳೆಯುತ್ತದೆ. ಎಳೆಯ ಸಂಪಿಗೆಗೆ ಸ್ವಲ್ಪ ನೆರಳು ಬೇಕು, ಆದ್ದರಿಂದ ಪಡುವಣ ಬಿಸಿಲಿಗೆ ತೆಂಗಿನ ಗರಿಯ ಮರೆ ಕಟ್ಟಿದರು.

ಗೊಬ್ಬರ ಹಾಕೋಣವೆಂದು ಹುಡುಗರು ಯೂರಿಯಾ ಹಿಡಿದು ಬಂದಿದ್ದರು. ಬೇಡವೆಂದೆವು. ಮಣ್ಣಿನಲ್ಲಿ ಲವಣ ಹೆಚ್ಚಾದರೆ ನೊಂದ ಬೇರಿಗೆ ನೀರು ಇನ್ನಷ್ಟು ದುರ್ಲಭ. 'ಅಭಿಸರಣೆ' ಎಂಬ ಪದ ಏಳನೆಯವರಿಗೆ ಇನ್ನೂ ಭಾರ; ಉಪ್ಪು ಹಚ್ಚಿದ ಸೌತೆಕಾಯಿ ಹೋಳು ನೀರು ಬಿಡುವುದನ್ನು ತೋರಿಸಿದರೆ ಸಾಕು.

ಒಣಗಿದಂತಿದ್ದ ರೆಂಬೆಗಳನ್ನೂ ಕತ್ತರಿಸಲಿಲ್ಲ. ಉಗುರಿನಿಂದ ತೊಗಟೆ ಕೆರೆದಾಗ ಒಳಗೆ ಹಸಿರು ಕಂಡರೆ ಜೀವವಿದೆ ಎಂದರ್ಥ. ಐದು ರೆಂಬೆಗಳಲ್ಲಿ ಮೂರು ಹಸಿರಾಗಿದ್ದವು.

ಪಾಠಯೋಜನೆಯ 'ಮೌಲ್ಯಮಾಪನ' ಕಾಲಂನಲ್ಲಿ ಪ್ರಶಿಕ್ಷಣಾರ್ಥಿ ಹಳೆಯ ಪ್ರಶ್ನೆಯನ್ನು ಹೊಡೆದುಹಾಕಿ, "ನೀರು ಬೇಕೋ ಬೇಡವೋ ಎಂದು ಹೇಗೆ ತಿಳಿಯುವೆ?" ಎಂದು ಬರೆದರು. ಈಗ ಮಕ್ಕಳು ಬೆರಳು ಇಳಿಸಿ ನೋಡಿ, ಮಣ್ಣು ಒಣಗಿದ್ದರಷ್ಟೇ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ನೀರು ಹಾಕುತ್ತಾರೆ. ಸುಟ್ಟ ಎಲೆಗಳು ಮತ್ತೆ ಹಸಿರಾಗುವುದಿಲ್ಲವೆಂದು ಅವರಿಗೆ ಮೊದಲೇ ಹೇಳಿದೆವು. ಕಾಯಬೇಕಾದದ್ದು ಹೊಸ ಚಿಗುರಿಗೆ. ಪ್ರಶಿಕ್ಷಣಾರ್ಥಿಯ ಅವಧಿ ಮುಗಿದಾಗ ಒಂದು ರೆಂಬೆಯಲ್ಲಿ ಎರಡು ಮೊಗ್ಗು ಉಬ್ಬಿದ್ದವು. ದಾಖಲೆಯ ಪುಸ್ತಕ ಆ ಹಿಂದಿನ ಸಾಲಿನ ಹುಡುಗಿಯ ಬಳಿ ಇದೆ.