ಯಾವ ಹೊಳೆಯ ಮೀನು?

ಮಲ್ಲಂದೂರಿನ ಕಾಫಿ ತೋಟಗಳ ನಡುವೆ ಇಳಿದು ಜಾಗರ ಕಣಿವೆ ಸೇರುವ ಹಳ್ಳಗಳ ನೀರು ಸೋಮವಾಹಿನಿಯಾಗಿ ಭದ್ರೆಗೂ ಮುಂದೆ ಕೃಷ್ಣೆಗೂ ಕೂಡಿಕೊಂಡರೆ, ಅದೇ ಬಾಬಾಬುಡನ್‌ಗಿರಿ ಶ್ರೇಣಿಯ ಮತ್ತೊಂದು ಮಗ್ಗುಲಲ್ಲಿ ಹುಟ್ಟುವ ಯಗಚಿಯು ಹೇಮಾವತಿಯೊಡನೆ ಕಾವೇರಿಯ ಪಾಲಾಗುತ್ತದೆ. ಒಂದೇ ಗುಡ್ಡದ ಏಣು ಹೀಗೆ ಎರಡು ಕೊಳ್ಳಗಳನ್ನು ಬೇರ್ಪಡಿಸಿದೆ. ಮಹಶೀರ್ ಮೀನಿನ ಮಟ್ಟಿಗೆ ಈ ಗಡಿ ವಂಶದ ಗಡಿಯೂ ಹೌದು.

ಈ ಗಡಿಯನ್ನು ಮರೆತಾಗ ಏನಾಗುತ್ತದೆ ಎಂಬುದನ್ನು ಕಾವೇರಿ ತೋರಿಸಿಕೊಟ್ಟಿದೆ. ಅಲ್ಲಿ ಬಿಳಿ ಮೀನು ಎಂದು ಕರೆಯಲಾಗುವ ಮಹಶೀರ್‌ಗಳಲ್ಲಿ ಆ ನದಿಗೇ ಸೇರಿದ್ದು ಡುಬ್ಬದ ಮಹಶೀರ್: ತಲೆಯ ಹಿಂದೆಯೇ ಏರುವ ಬೆನ್ನು, ಕಿತ್ತಳೆ ಛಾಯೆಯ ಈಜುರೆಕ್ಕೆಗಳು ಇದರ ಗುರುತು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ, ತಾಯಿಮೀನಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ತೆಗೆದ ಮೊಟ್ಟೆಗಳಿಂದ ಬೆಳೆಸಿದ, ಕೃಷ್ಣಾ ಕೊಳ್ಳಕ್ಕೆ ಸೇರಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು, ಸಂತತಿ ಉಳಿಸುವ ಸದುದ್ದೇಶದಿಂದಲೇ, ಕಾವೇರಿಗೂ ಬಿಡಲಾಯಿತು. ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ, ಹಿಡಿದು ಮತ್ತೆ ನದಿಗೇ ಬಿಡುತ್ತಿದ್ದ ಗಾಳದವರು ಬರೆದಿಟ್ಟ ಆರು ಸಾವಿರಕ್ಕೂ ಮಿಕ್ಕಿದ ಮೀನುಗಳ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ಸಿಗುವ ಮೀನಿನ ಸಂಖ್ಯೆ ಏರಿದ್ದು, ಸರಾಸರಿ ತೂಕ ಇಳಿದದ್ದು, ಡುಬ್ಬದ ಮೀನು ಕಾಣೆಯಾಗುತ್ತ ಹೋದದ್ದು ಒಟ್ಟಿಗೇ ಹೊರಬಿದ್ದವು. ಬರಿಯ ಒಟ್ಟು ಸಂಖ್ಯೆ ನೋಡಿದ್ದರೆ ನದಿ ಸಮೃದ್ಧವಾಗಿದೆ ಎಂದೇ ಅನ್ನಿಸುತ್ತಿತ್ತು. ನೋವಿನ ಸಂಗತಿಯೆಂದರೆ ಡುಬ್ಬದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು, ಟಾರ್ ರೆಮಾದೇವಿ ಎಂದು, ದೊರೆತದ್ದೇ 2018ರಲ್ಲಿ, ಮತ್ತು ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದ ಪಟ್ಟಿಗೂ ಸೇರಿತು.

ಬಿಟ್ಟ ಮರಿಯನ್ನು ನದಿಯ ಮೀನಿನಿಂದ ಬೇರೆಯಾಗಿ ಗುರುತಿಸುವುದು ಹೇಗೆ? ಅಮೆರಿಕದ ವಾಯವ್ಯ ಕರಾವಳಿಯಲ್ಲಿ ಸಾಕಿ ಬಿಡುವ ಸಾಲ್ಮನ್ ಮರಿಗಳ ಬೆನ್ನಿನ ತುದಿಯಲ್ಲಿರುವ ಪುಟ್ಟ ಕೊಬ್ಬುರೆಕ್ಕೆಯನ್ನು ಕತ್ತರಿಸುವ ರೂಢಿಯಿರುವುದರಿಂದ, ನದಿಯಲ್ಲೇ ಹುಟ್ಟಿದ್ದು ಯಾವುದು, ಸಾಕಿದ್ದು ಯಾವುದು ಎಂಬುದನ್ನು ಬಹುಮಟ್ಟಿಗೆ ಕಣ್ಣಳತೆಯಲ್ಲೇ ಹೇಳಬಹುದು. ಮಹಶೀರ್‌ಗೆ ಆ ರೆಕ್ಕೆಯೇ ಇಲ್ಲ. ಆದ್ದರಿಂದ ಈಜುರೆಕ್ಕೆಯ ಅಂಚಿನಿಂದ ಉಗುರಿನಷ್ಟು ಚೂರು ತೆಗೆದು ಡಿಎನ್‌ಎ ಹೋಲಿಸಬೇಕಾಗುತ್ತದೆ.

ಭದ್ರೆಯ ಕಡೆ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ನೀಲಿರೆಕ್ಕೆಯ ಮಹಶೀರ್ ಕೃಷ್ಣಾ ಕೊಳ್ಳದ್ದೇ ಆದ್ದರಿಂದ ಇಲ್ಲಿ ಹೊರಗಿನಿಂದ ತಂದ ಮರಿ ನೋಟಕ್ಕೆ ಪರಕೀಯವಲ್ಲ, ಆದರೆ ಅದರ ತಾಯಿ ಬೇರೆ ಹೊಳೆಯದಾಗಿದ್ದರೆ ಈ ಕಣಿವೆಯ ಮಳೆಗೆ, ತಂಪಿಗೆ, ಜಲ್ಲಿತಳಕ್ಕೆ ತಲೆಮಾರುಗಳಿಂದ ಒಗ್ಗಿದ ಗುಣ ಬೆರಕೆಯಲ್ಲಿ ಕರಗಬಹುದು. ಕಾಫಿ ಹಣ್ಣಿನ ಪಲ್ಪಿಂಗ್ ನೀರು ಹಳ್ಳಕ್ಕಿಳಿದು ಆಮ್ಲಜನಕವನ್ನು ಹೀರುವಲ್ಲಿ ಯಾವ ಮರಿಯೂ ಬದುಕದು ಎಂಬುದೂ ಅಷ್ಟೇ ನಿಜ. ಮರಿ ಬಿಡುವ ಮೊದಲು ತಾಯಿಮೀನು ಯಾವ ಹೊಳೆಯದೆಂದು ಕೇಂದ್ರದ ದಾಖಲೆಯಲ್ಲಿ ಬರೆದು, ಅದರ ರೆಕ್ಕೆಯ ಚೂರೊಂದನ್ನು ಮದ್ಯಸಾರದಲ್ಲಿ ಕಾದಿಟ್ಟರೆ, ಮುಂದೆ ಸೋಮವಾಹಿನಿಯಲ್ಲಿ ಸಿಕ್ಕ ಮೀನನ್ನು ಅದರೊಂದಿಗೆ ಹೋಲಿಸಿ ನೋಡಲು ಸಾಧ್ಯವಾಗುತ್ತದೆ.