ಬದುವಿನ ಬಾಟ್ಲಿ ಮದುವೆ ಮನೆಗೆ ಬಂತು

ಹೊಲದ ಬದುವಲ್ಲಿ ಕುಡಿದು ಬಿಸಾಕಿ ಹೋಗುವ ಬೀರ್ ಬಾಟ್ಲಿ ನಮ್ಮ ಹೋಳೂರು ಕಡೆ ಈಗ ಕಳೆಗಿಂತ ದೊಡ್ಡ ಕಾಟ. ಕಳೆ ಕಿತ್ತು ಹಾಕಿದರೆ ಕೊಳೆತು ಗೊಬ್ಬರವಾಗುತ್ತೆ, ಗಾಜು ಕೊಳೆಯೋದಿಲ್ಲ. ಒಡೆದ ಬಾಟ್ಲಿ ಮೇಲೆ ಒಂದು ಸಲ ಟ್ರಾಕ್ಟರ್ ಹಾದರೆ ಚೂರು ಹೊಲದ ತುಂಬ ಹರಡಿತು ಅಂತಲೇ ಲೆಕ್ಕ. ರಾಗಿ ಕಳೆ ತೆಗೆಯುವ ಹೆಂಗಸರು ಬರಿಗಾಲಲ್ಲಿ ಕೂರುವವರು. ಹೋದ ಮುಂಗಾರಲ್ಲಿ ನಮ್ಮ ಹೊಲದಲ್ಲೇ ಒಬ್ಬಾಕೆಯ ಅಂಗಾಲು ಸೀಳಿ ನಾಲ್ಕು ಹೊಲಿಗೆ ಬಿತ್ತು. ಹದಿನೈದು ದಿನದ ಕೂಲಿಯೂ ಹೋಯ್ತು. ಆಮೇಲೆ ಮನೆಯವರೆಲ್ಲ, ಕಂಡ ಬಾಟ್ಲಿ ಇಡಿಯಾಗಿರುವಾಗಲೇ ಎತ್ತಿ ಟೊಮೆಟೊ ಕ್ರೇಟಿಗೆ ಹಾಕ್ತಾ ಬಂದ್ವಿ. ವೈಶಾಖದ ಹೊತ್ತಿಗೆ 180 ಆದವು.

ಆಗ ತಮ್ಮನ ಮಗಳ ಮದುವೆ. ಮನೆ ಮುಂದೆಯೇ ಚಪ್ಪರ. ಪೇಟೆಯ ಅಲಂಕಾರದವರು 35 ಸಾವಿರ ಕೇಳಿದರು, ಅದೂ ಥರ್ಮಾಕೋಲ್ ಮತ್ತು ಪ್ಲಾಸ್ಟಿಕ್ ಹೂವಿಗೆ. ಥರ್ಮಾಕೋಲ್ ತಟ್ಟೆ, ಲೋಟ, ಊಟದ ಮೇಜಿನ ಪ್ಲಾಸ್ಟಿಕ್ ಹಾಳೆಗಳನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. ಮದುವೆ ಮನೆಗಳಲ್ಲಿ ಈಗಲೂ ಕಾಣ್ತವೆ. ಸಾಲ ಮಾಡಿ ಅದನ್ನು ಕಟ್ಟಿಸೋದರ ಬದಲು ಬಾಟ್ಲಿಯಲ್ಲೇ ಏನಾದ್ರೂ ಮಾಡೋಣ ಅಂದ್ವಿ.

ನಮ್ಮಕ್ಕ ಒಪ್ಪಲಿಲ್ಲ. "ಏನಪ್ಪಾ, ಧಾರೆ ಚಪ್ಪರದಾಗೆ ಬೀರ್ ಬಾಟ್ಲಿ ಇಕ್ತೀಯಾ?" ಅಂದ್ಳು. ಔಷಧಿ ಸೀಸೆಯ ಮುಚ್ಚಳಕ್ಕೆ ತೂತು ಹೊಡೆದು ಮಾಡಿದ ಸೀಮೆಎಣ್ಣೆ ಬುಡ್ಡಿಯಲ್ಲೇ ನಾವೆಲ್ಲ ಓದಿದ್ದು ಅಂತ ನೆನಪು ಮಾಡಿದೆ. ಕೊನೆಗೆ ಹಸೆಮಣೆ ಹತ್ತಿರ ಒಂದೂ ಬೇಡ, ಬಾಗಿಲು, ದಾರಿ, ಊಟದ ಜಾಗದಲ್ಲಿ ಇಡಬಹುದು ಅಂತ ತೀರ್ಮಾನವಾಯ್ತು. ಅವಳ ಮಾತಲ್ಲೂ ನ್ಯಾಯವಿದೆ.

ಬೂದಿ ನೀರಲ್ಲಿ ಒಂದು ರಾತ್ರಿ ನೆನೆಸಿದರೆ ಚೀಟಿ ತಾನೇ ಬಿಡುತ್ತೆ. ಉಳಿದ ಅಂಟಿಗೆ ತೆಂಗಿನ ನಾರು. ಒಳಗಿನ ವಾಸನೆಗೆ ಒಂದು ಹಿಡಿ ಮರಳು, ನೀರು ಹಾಕಿ ಚೆನ್ನಾಗಿ ಕುಲುಕಬೇಕು. ಕೀಟನಾಶಕದ ಬಾಟ್ಲಿ ಮಾತ್ರ ಎಷ್ಟು ತೊಳೆದರೂ ಬೇಡ. ಮಕ್ಕಳು ಮುಟ್ಟುವ ಜಾಗ ಅದು.

ಹೆಚ್ಚಿನವನ್ನು ಕತ್ತರಿಸದೆ ಹಾಗೇ ಬಳಸಿದ್ವಿ. ಪ್ಲಾಸ್ಟಿಕ್ ಚಂದ್ರಿಕೆ ಬಂದ ಮೇಲೆ ಅಟ್ಟ ಸೇರಿದ್ದ ಬಿದಿರಿನ ಚಂದ್ರಿಕೆಗಳನ್ನು ಬಾಗಿಲ ಎರಡೂ ಕಡೆ ಗೋಡೆಗೆ ಒರಗಿಸಿ, ಬಾಟ್ಲಿಗಳ ಕತ್ತಿಗೆ ಕಟ್ಟು ತಂತಿ ಸುತ್ತಿ ಬಿಗಿದು, ನೀರು ತುಂಬಿ ಸುಗಂಧರಾಜ, ಚೆಂಡು ಹೂವು ಇಟ್ವಿ. ನೀರಲ್ಲಿದ್ದದ್ದರಿಂದ ಹೂವು ಮೂರನೇ ದಿನವೂ ಬಾಡಿರಲಿಲ್ಲ. ಜನ ಕೂರುವ ಕಡೆ ತಲೆ ಮೇಲೆ ಒಂದನ್ನೂ ನೇತು ಹಾಕಲಿಲ್ಲ. ದೊಡ್ಡ ಬೀರ್ ಬಾಟ್ಲಿ ಖಾಲಿಯೇ ಅರ್ಧ ಕಿಲೋ ಹತ್ತಿರ ತೂಗುತ್ತೆ, ವೈಶಾಖದ ಸಂಜೆ ಗಾಳಿ ಹೇಳಿ ಕೇಳಿ ಬರೋದಿಲ್ಲ. ನೆಲದ ಮೇಲೆ ನಿಲ್ಲಿಸುವ ಬಾಟ್ಲಿಗೆ ನಾಲ್ಕು ಬೆರಳು ಮರಳು ತುಂಬಿದರೆ ಉರುಳೋದಿಲ್ಲ.

ದೀಪಕ್ಕೆ ಕತ್ತರಿಸಲೇಬೇಕು. ಗಾಜಿನ ಅಂಗಡಿಯವರು ಬಳಸುವ ಕಟರ್‌ನಲ್ಲಿ ಸುತ್ತ ಒಂದೇ ಗೆರೆ ಎಳೆದು, ಗೆರೆ ಮೇಲೆ ಬಿಸಿ ನೀರು, ತಣ್ಣೀರು ಒಂದಾದ ಮೇಲೊಂದು ಸುರಿಯಬೇಕು. ಗಾಜಿಗೆ ಬಿಸಿ ಬೇಗ ಹರಡೋದಿಲ್ಲ; ಒಂದು ಕಡೆ ಹಿಗ್ಗಿ ಒಂದು ಕಡೆ ಕುಗ್ಗಿ ಗೆರೆಯಲ್ಲೇ ಬಿಡುತ್ತೆ. ದಾರಕ್ಕೆ ಸೀಮೆಎಣ್ಣೆ ಹಚ್ಚಿ ಸುಡುವ ಕ್ರಮಕ್ಕಿಂತ ಇದು ವಾಸಿ. ನಾವು ಕೊಯ್ದ 36ರಲ್ಲಿ 22 ಸರಿ ಬಂದವು, ಉಳಿದವು ಅಡ್ಡ ಸೀಳಿದವು. ಅಂಚನ್ನು ಸಾಣೆಕಲ್ಲಿನ ಮೇಲೆ ನೀರು ಹಾಕುತ್ತಲೇ ಉಜ್ಜಬೇಕು. ಒಣಗಲಲ್ಲಿ ಉಜ್ಜಿದರೆ ಗಾಜಿನ ಪುಡಿ ಎದೆಗೆ ಹೋಗುತ್ತೆ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಚೀಲ ಇರಲಿ.

ಈ ತಳಭಾಗಕ್ಕೆ ಮುಕ್ಕಾಲು ನೀರು, ಮೇಲೆ ಎರಡು ಬೆರಳು ಹೊಂಗೆ ಎಣ್ಣೆ, ತೇಲುವ ಬತ್ತಿ. ಹೊಂಗೆ ಎಣ್ಣೆ ಮಂದ, ಸೀಮೆಎಣ್ಣೆ ಹಾಗೆ ಉದ್ದ ಬತ್ತಿಯಲ್ಲಿ ಏರೋದಿಲ್ಲ. ಅದಕ್ಕೇ ತೇಲಿಸೋದು. ಎಣ್ಣೆ ತೀರಿದಾಗ ಬತ್ತಿ ನೀರು ಮುಟ್ಟಿ ತಾನೇ ಆರುತ್ತೆ. ಇವನ್ನು ಬೀದಿಯಿಂದ ಬಾಗಿಲವರೆಗಿನ ದಾರಿಯಲ್ಲಿ ಮಾತ್ರ ಇಟ್ವಿ. ಒಣಗಿದ ತೆಂಗಿನ ಗರಿ ಚಪ್ಪರದಡಿ ಬೆಂಕಿ ತರಬಾರದು.

ಕಟರ್, ತಂತಿ, ಎಣ್ಣೆ, ಸುಗಂಧರಾಜ ಎಲ್ಲ ಸೇರಿ 3 ಸಾವಿರದೊಳಗೆ. ಚೆಂಡು ಹೂವು ಮನೆಯದು. ಆದರೆ ಇಬ್ಬರ ಎಂಟು ಸಂಜೆ ಹಿಡಿಯಿತು, ಅದನ್ನೂ ಲೆಕ್ಕಕ್ಕೆ ಹಿಡೀಬೇಕು.

ಮದುವೆ ಮುಗಿದ ಮೇಲೆ ಗುಜರಿಯವನು ಇಡೀ ಬಾಟ್ಲಿಗಳನ್ನು ಎಣಿಸಿ ಕೊಂಡ. ಬೀರ್ ಬಾಟ್ಲಿ ತೊಳೆದು ಮತ್ತೆ ತುಂಬಿಸ್ತಾರೆ, ಹಾಗಾಗಿ ಇಡಿಯದಕ್ಕೆ ಬೆಲೆ. ಸೀಳಿದವನ್ನು ಗೋಣಿಚೀಲದಲ್ಲಿ ಕಟ್ಟಿ ತೂಕಕ್ಕೆ ಹಾಕಿದ್ವಿ. 22 ದೀಪ ಮಾತ್ರ ಮನೆಯಲ್ಲಿವೆ, ಕರೆಂಟು ಹೋದ ರಾತ್ರಿಗೆ.