ಹಳಿಯ ಅಳತೆಗೆ ಹೊಲಿದ ಇಂಜಿನ್: ಮೀಟರ್ ಗೇಜಿನ ವೈಡಿಎಂ-4

ರೈಲಿನ ಇತಿಹಾಸ ಅಂದ ಕೂಡಲೇ ನಾವು ಮಾರ್ಗ ಯಾವಾಗ ಬಂತು, ಯಾವ ಊರು ಬೆಳೀತು ಅಂತ ಮಾತಾಡ್ತೀವಿ. ಇಂಜಿನ್ ಅನ್ನೋದು ಆ ಕಥೆಯೊಳಗೆ ಹೊಗೆ ಬಿಡೋಕೆ ಮಾತ್ರ ಬರ್ತದೆ. ನಾನು ಇವತ್ತು ಒಂದು ಇಂಜಿನ್ ವರ್ಗವನ್ನೇ ದಾಖಲೆಯ ಹಾಗೆ ಓದಬೇಕು ಅಂತಿದ್ದೀನಿ. ಅದರ ಹೆಸರು ವೈಡಿಎಂ-4. ದಕ್ಷಿಣ ಭಾರತದ ಮೀಟರ್ ಗೇಜ್ ಪ್ಯಾಸೆಂಜರ್ ಗಾಡಿಗಳನ್ನು ಉಗಿ ಇಂಜಿನ್ ನಂತರದ ಕಾಲದಲ್ಲಿ ಮುಖ್ಯವಾಗಿ ಎಳೆದದ್ದು ಇದೇ. ನನ್ನ ವಾದ ಇಷ್ಟು: ಈ ಇಂಜಿನ್ ಹುಟ್ಟಿದ ರೂಪವೂ ಅದರ ನಿವೃತ್ತಿಯೂ ಎರಡೂ ಕೆಳಗಿನ ಹಳಿಯಿಂದ ಬಂದವು. ಯಂತ್ರ ಮುದಿಯಾಗಿ ಮೂಲೆ ಸೇರಿದ್ದಲ್ಲ.

ನಮ್ಮ ಸೋನ್ಯಾಳ ಜತ್ತ ತಾಲೂಕಿನಲ್ಲಿದೆ. ಜಿಲ್ಲೆ ಸಾಂಗಲಿ, ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ. ತಾಲೂಕಿನ ಹೆಸರು ಹೊತ್ತ ‘ಜತ್ತ ರೋಡ್’ ಸ್ಟೇಶನ್ ಇರೋದು ಮಿರಜ–ಪಂಢರಪುರ ಮಾರ್ಗದಲ್ಲಿ, ಜತ್ತ ಪಟ್ಟಣದಿಂದ ದೂರ. ‘ರೋಡ್’ ಅಂತ ಸೇರಿಸಿದ ಸ್ಟೇಶನ್ ಅಂದ್ರೆ ಊರು ಅಲ್ಲಿಲ್ಲ ಅಂತಲೇ ಅರ್ಥ, ಇದು ನಿಮಗೂ ಗೊತ್ತಿರೋ ಮಾತು. ಆದರೆ ನಮ್ಮ ಜಿಲ್ಲೆಯ ಮಿರಜ ಜಂಕ್ಷನ್ನಿಗೆ ಒಂದು ವಿಶೇಷ ಇತ್ತು. 1971ರ ಹೊತ್ತಿಗೆ ಪುಣೆ–ಮಿರಜ–ಕೊಲ್ಹಾಪುರ ಬ್ರಾಡ್ ಗೇಜ್ ಆಯ್ತು. ಬೆಳಗಾವಿ, ಲೋಂಡಾ ಕಡೆಯ ಹಳಿ ಮೀಟರ್ ಗೇಜಾಗೇ ಉಳೀತು. ಪಂಢರಪುರದ ಕಡೆಗೆ 1927ರಲ್ಲಿ ಬಂದ ಬಾರ್ಶಿ ಲೈಟ್ ರೈಲ್ವೆಯ ನ್ಯಾರೋ ಗೇಜ್. ಹೀಗೆ 1,676, 1,000, 762 ಮಿಲಿಮೀಟರು, ಮೂರು ಅಳತೆಯ ಹಳಿ ಒಂದೇ ಊರಲ್ಲಿ. ಒಂದರ ಮೇಲಿನ ಡಬ್ಬಿ ಇನ್ನೊಂದರ ಮೇಲೆ ಹೋಗೋದಿಲ್ಲ. ಜನ ಇಳಿದು ಗಂಟು ಹೊತ್ತು ಇನ್ನೊಂದು ಗಾಡಿ ಹತ್ತಬೇಕು. ಚೀಲಗಳನ್ನು ಹಮಾಲರು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಸಾಗಿಸಬೇಕು. ರಾಜ್ಯದ ಗಡಿ ಬಗ್ಗೆ ಇಷ್ಟು ಬರೀತೀವಿ, ಈ ಹಳಿಯ ಗಡಿ ಬಗ್ಗೆ ಬರೆದದ್ದು ಕಡಿಮೆ.

ಮೀಟರ್ ಗೇಜ್ ಬಂದದ್ದು ಖರ್ಚು ಉಳಿಸೋಕೆ. 1870ರ ಸುಮಾರಿಗೆ, ಲಾರ್ಡ್ ಮೇಯೋ ವೈಸರಾಯ್ ಆಗಿದ್ದಾಗ, ಅಗ್ಗದ ಮಾರ್ಗಗಳಿಗೆ ಈ ಅಳತೆ ಗೊತ್ತುಮಾಡಿದರು. ದೇಶಕ್ಕೆ ಮೆಟ್ರಿಕ್ ಪದ್ಧತಿ ಬರ್ತದೆ ಅಂತ ಆಗ ನಂಬಿದ್ದರಿಂದ ಸರಿಯಾಗಿ ಒಂದು ಮೀಟರ್ ಇಟ್ಟರು. ಗೇಜು ಬಂತು, ಮೆಟ್ರಿಕ್ ಬರೋಕೆ ಸ್ವಾತಂತ್ರ್ಯದ ತನಕ ಕಾಯಬೇಕಾಯ್ತು. ಬಿಜಾಪುರದ ಮೇಲೆ ಹಾಯುವ ಹೋಟಗಿ–ಗದಗ ಮಾರ್ಗವೂ 1880ರ ದಶಕದಲ್ಲಿ ಇದೇ ಅಳತೆಯಲ್ಲಿ ಆಯ್ತು.

ಈಗ ಹೆಸರು ಬಿಡಿಸೋಣ. ‘ವೈ’ ಅಂದ್ರೆ ಮೀಟರ್ ಗೇಜ್, ‘ಡಿ’ ಡೀಸೆಲ್, ‘ಎಂ’ ಮಿಶ್ರ, ಅಂದ್ರೆ ಪ್ಯಾಸೆಂಜರ್ ಗಾಡಿಗೂ ಗೂಡ್ಸಿಗೂ ಎರಡಕ್ಕೂ. 4 ಅನ್ನೋದು ಮಾದರಿ ಸಂಖ್ಯೆ. ಬ್ರಾಡ್ ಗೇಜಾದ್ರೆ ಮೊದಲ ಅಕ್ಷರ ‘ಡಬ್ಲ್ಯು’, ಬಾರ್ಶಿಯಂಥ ನ್ಯಾರೋ ಗೇಜಿಗೆ ‘ಝಡ್’. ಅಮೆರಿಕದ ಆಲ್ಕೋ ಕಂಪನಿ ಇದನ್ನು ಡಿಎಲ್ 535 ಅನ್ನೋ ಮಾದರಿಯಾಗಿ ಮಾಡಿತು. 1960ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂತು. ಕೆನಡಾದ ಮಾಂಟ್ರಿಯಲ್ ಕಾರ್ಖಾನೆಯಿಂದ ಬಂದವಕ್ಕೆ 4ಎ ಅಂದರು. 1968ರಿಂದ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಲ್ಲೇ ತಯಾರಾಗತೊಡಗಿತು.

ವಿನ್ಯಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅಚ್ಚಿನ ಭಾರ, ಅಂದ್ರೆ ಆಕ್ಸಲ್ ಲೋಡ್. ಎತ್ತಿನ ಗಾಡಿ ಹೂಡಿದವರಿಗೆ ಇದನ್ನ ಹೇಳಬೇಕಾಗಿಲ್ಲ. ನೆಲ ಮೆತ್ತಗಿದ್ರೆ ಹೇರು ಕಡಿಮೆ ಮಾಡ್ತೀವಿ. ಬಾರ್ಶಿ ಲೈಟ್ ರೈಲ್ವೆ ಕಟ್ಟಿದ ಎವೆರಾರ್ಡ್ ಕ್ಯಾಲ್‌ಥ್ರಾಪ್ ತನ್ನ ಎಲ್ಲಾ ವಾಹನಗಳಿಗೂ ಅಚ್ಚಿಗೆ 5 ಟನ್ ಅಂತ ಮಿತಿ ಹಾಕಿಕೊಂಡಿದ್ದ. ಮೀಟರ್ ಗೇಜಿನ ವೈಡಿಎಂ-4ಕ್ಕೆ ಸಿಕ್ಕದ್ದು 12 ಟನ್. ಆರು ಅಚ್ಚು, ಒಟ್ಟು 72 ಟನ್. ಅದೇ ಆಲ್ಕೋ ವಂಶದ ಬ್ರಾಡ್ ಗೇಜ್ ಡಬ್ಲ್ಯುಡಿಎಂ-2 ಅಚ್ಚಿಗೆ 18.8 ಟನ್ ಹಾಕಿ 112.8 ಟನ್ ತೂಗ್ತದೆ. ಇಂಜಿನ್ ಹಗುರವಾದ್ರೆ ಹಳಿಯ ಮೇಲೆ ಹಿಡಿತ ಕಡಿಮೆ, ಹಿಡಿತ ಕಡಿಮೆಯಾದ್ರೆ ಎಳೆಯೋ ಡಬ್ಬಿಗಳೂ ಕಡಿಮೆ. ಶಕ್ತಿ ಎಷ್ಟೇ ಇರಲಿ, ಚಕ್ರ ಜಾರಿದ ಮೇಲೆ ಅದು ಗಾಡಿ ಎಳೆಯೋಕೆ ಬರೋದಿಲ್ಲ.

ಡಬ್ಲ್ಯುಡಿಎಂ-2ರಲ್ಲಿ ‘ವಿ’ ಆಕಾರದಲ್ಲಿ 16 ಸಿಲಿಂಡರು, 2,600 ಅಶ್ವಶಕ್ತಿ. ವೈಡಿಎಂ-4ರಲ್ಲಿ ಒಂದೇ ಸಾಲಿನಲ್ಲಿ 6 ಸಿಲಿಂಡರು, ಸುಮಾರು 1,400 ಅಶ್ವಶಕ್ತಿ. ಆದರೆ ಎರಡೂ ಆಲ್ಕೋದ 251 ಕುಟುಂಬದವೇ, ಸಿಲಿಂಡರಿನ ಅಳತೆ ಒಂದೇ. ಇದು ಜಾಣತನದ ಆಯ್ಕೆ ಅಂತ ನನಗನಿಸ್ತದೆ. ಡೀಸೆಲ್ ಇಂಜಿನ್ ನೇರವಾಗಿ ಚಕ್ರ ತಿರುಗಿಸೋದಿಲ್ಲ. ಅದು ಜನರೇಟರ್ ತಿರುಗಿಸ್ತದೆ, ಅದರ ವಿದ್ಯುತ್ತು ಅಚ್ಚುಗಳಿಗೆ ಕಟ್ಟಿದ ಆರು ಮೋಟರುಗಳಿಗೆ ಹೋಗ್ತದೆ. ಇಲ್ಲಿ ಮತ್ತೆ ಹಳಿ ಅಡ್ಡ ಬರ್ತದೆ. ಮೋಟರು ಕೂರೋದು ಎರಡು ಚಕ್ರಗಳ ನಡುವೆ, ಅಲ್ಲಿ ಇರೋ ಜಾಗ ಒಂದು ಮೀಟರಿಗಿಂತ ಕಡಿಮೆ. ಚಕ್ರದ ವ್ಯಾಸವೂ 965 ಮಿಲಿಮೀಟರು ಮಾತ್ರ, ಬ್ರಾಡ್ ಗೇಜಿನದು 1,092. ಹಾಗಾಗಿ ಮೋಟರೂ ಸಣ್ಣದಾಗಲೇಬೇಕು.

ಹೊರಗಿನ ರೂಪ ಫೋಟೋದಲ್ಲಿ ನೋಡಿರ್ತೀರಿ. ಚಾಲಕನ ಕೋಣೆ ಒಂದೇ, ಅದರ ಒಂದು ಬದಿಗೆ ಗಿಡ್ಡ ಮೂಗು, ಇನ್ನೊಂದು ಬದಿಗೆ ಉದ್ದ ಮೂಗು. ಉದ್ದ ಮೂಗು ಮುಂದಾಗಿ ಓಡುವಾಗ ಚಾಲಕನಿಗೆ ಒಂದು ಬದಿಯ ನೋಟವೇ ತಪ್ಪಿಹೋಗ್ತದೆ. ಆಗ ಸಹಾಯಕ ತನ್ನ ಬದಿಯ ಸಿಗ್ನಲ್ ನೋಡಿ ಕೂಗಿ ಹೇಳೋದು ಬರೀ ನಿಯಮಪಾಲನೆ ಅಲ್ಲ, ಕಣ್ಣಿಗೆ ಬದಲಿ. ಸ್ಟೇಶನ್ ಬಿಡುವಾಗ ಏಳೋ ಕಪ್ಪು ಹೊಗೆಗೂ ಕಾರಣ ಉಂಟು. ಚಾಲಕ ನಾಚ್ ಏರಿಸಿದ ಕೂಡಲೇ ಎಣ್ಣೆ ಹೆಚ್ಚಾಗ್ತದೆ, ಆದರೆ ಗಾಳಿ ತುಂಬೋ ಟರ್ಬೋಚಾರ್ಜರ್ ವೇಗ ಹಿಡಿಯೋಕೆ ಸ್ವಲ್ಪ ಹೊತ್ತು ಬೇಕು. ಆ ನಡುವೆ ಅರ್ಧ ಸುಟ್ಟ ಎಣ್ಣೆಯೇ ಹೊಗೆ.

ಡೀಸೆಲ್ ಯಾಕೆ ಬೇಕಾಯ್ತು? ಕಲ್ಲಿದ್ದಲಿನ ಮಾತು ಎಲ್ಲರೂ ಹೇಳ್ತಾರೆ. ಬರದ ಸೀಮೆಯವನಾಗಿ ನಾನು ನೀರಿನ ಮಾತು ಮುಂದಿಡ್ತೀನಿ. ಉಗಿ ಇಂಜಿನ್ನಿಗೆ ದಾರಿಯುದ್ದಕ್ಕೂ ಒಳ್ಳೆ ನೀರು ಬೇಕು. ಮೀಟರ್ ಗೇಜಿನ ಮೊದಲ ಡೀಸೆಲ್‌ಗಳಾದ ವೈಡಿಎಂ-1 ಇಂಜಿನ್‌ಗಳನ್ನು 1950ರ ದಶಕದಲ್ಲಿ ಕಚ್ಛದ ಗಾಂಧೀಧಾಮಕ್ಕೆ ಕಳಿಸಿದ್ದೂ ನೀರಿಲ್ಲದ ಕಡೆಗೇ. ಇನ್ನೊಂದು ಅನುಕೂಲ: ವೈಡಿಎಂ-4 ಹಳೆ ವ್ಯಾಕ್ಯೂಮ್ ಬ್ರೇಕನ್ನೇ ನಡೆಸ್ತಿತ್ತು. ಉಗಿ ಇಂಜಿನ್ ಬಿಚ್ಚಿ ಇದನ್ನ ಕಟ್ಟಿದರೆ ಆಯ್ತು, ಡಬ್ಬಿಗಳು ಅವೇ. ಕ್ಯಾಸಲ್‌ರಾಕ್ ಕೆಳಗಿನ ಘಟ್ಟದಲ್ಲಿ, 37 ಅಡಿಗೆ ಒಂದಡಿ ಏರೋ ಕಡೆ, ಇಂಥ ಹಲವು ಇಂಜಿನ್ ಸೇರಿಸಿ ಗಾಡಿ ಹತ್ತಿಸ್ತಿದ್ದರು.

1992ರಲ್ಲಿ ಏಕರೂಪ ಗೇಜ್ ಯೋಜನೆ ಶುರುವಾಯ್ತು. ಮಿರಜ–ಲೋಂಡಾ ಆ ದಶಕದಲ್ಲೇ ಬ್ರಾಡ್ ಆಯ್ತು. ಹೋಟಗಿ–ಗದಗ ಹಂತಹಂತವಾಗಿ ಆಮೇಲೆ. ಮಿರಜ–ಪಂಢರಪುರದ ನ್ಯಾರೋ ಗೇಜ್ 2010ರ ಆಚೀಚೆ ಹೋಯ್ತು. ಮಿರಜದಲ್ಲಿ ಗಂಟು ಇಳಿಸಿ ಏರಿಸೋ ಕಷ್ಟ ತಪ್ಪಿತು, ಅದು ನಿಜವಾದ ಲಾಭ. ಆದರೆ ವಾರಾಣಸಿಯಲ್ಲಿ 1980ರ ದಶಕದಲ್ಲೂ ತಯಾರಾಗ್ತಿದ್ದ ಇಂಜಿನ್‌ಗಳಿಗೆ ಕೆಲವೇ ವರ್ಷದಲ್ಲಿ ಓಡಾಡೋಕೆ ಹಳಿ ಉಳಿಯಲಿಲ್ಲ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ಚಕ್ರದ ಬೋಗಿ ಬದಲಿಸಿ ಬ್ರಾಡ್ ಗೇಜಿಗೆ ಹಾಕಬಹುದಿತ್ತಲ್ಲ? ಹಾಕಿದ್ರೂ ಸಿಗೋದು 1,400 ಅಶ್ವಶಕ್ತಿಯ, 72 ಟನ್ನಿನ ಇಂಜಿನ್. ಬ್ರಾಡ್ ಗೇಜಿನ ಉದ್ದ ಗಾಡಿಗೆ ಅದು ಸಾಲದು. ಜೊತೆಗೆ ಡಬ್ಬಿಗಳು ಏರ್ ಬ್ರೇಕಿಗೆ ಬದಲಾಗ್ತಿದ್ದವು. ಹಾಗಾಗಿ ಇಂಜಿನ್ನೇ ಹಳಿ ಹುಡುಕಿಕೊಂಡು ಹೋಗಬೇಕಾಯ್ತು. 1990ರ ದಶಕದಲ್ಲಿ ಕೆಲವು ಬಾಡಿಗೆ ಮೇಲೆ ಮಲೇಶಿಯಾಕ್ಕೆ ಹೋದವು, ಕೆಲವು ಮ್ಯಾನ್ಮಾರ್‌ಗೆ. ಎರಡೂ ಕಡೆ ಮೀಟರ್ ಗೇಜೇ. ಬಹಳಷ್ಟು ಗುಜರಿಗೆ. ನೀಲಗಿರಿಯಲ್ಲಿ ಕೂನೂರಿನಿಂದ ಊಟಿಗೆ ಹತ್ತೋ ಸಣ್ಣ ಗಾಡಿಗೂ ವೈಡಿಎಂ-4 ಕಟ್ಟಿದರು. ಅಲ್ಲಿನ ಹಳಿ ಮೀಟರ್ ಗೇಜಾಗೇ ಉಳಿದಿದೆ.